ಒಂದೇ ತೋಟ, ಎಂಟು ಮಳೆಗಾಲ

ಹೋದ ತಿಂಗಳ ಅಂಕಣದ ಕೊನೆಗೆ ಎರಡು ಸಾಲು ಸುಮ್ನೆ ಬರೆದುಬಿಟ್ಟಿದ್ದೆ. ಡಿಸೆಂಬರ್‌ನ ಒಂದು ಶನಿವಾರ ಸಂಜೆ ಕಲಬುರಗಿಯಲ್ಲಿ ಗೆಳೆಯನ ಮನೆ ಮಾಳಿಗೆ ಮೇಲೆ ಎಂಟು ಜನ ಕೂತು, ಫ್ರಾನ್ಸಿನ ಬೋರ್ಡೋ ಸೀಮೆಯ ಒಂದೇ ತೋಟದ ಕೆಂಪು ವೈನನ್ನು ಎಂಟು ಬೇರೆ ಬೇರೆ ವರ್ಷದ್ದು ರುಚಿ ನೋಡಿದೆವು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತೊಗರಿಗೆ ಯಾವ ಔಷಧಿ ಹೊಡೀಬೇಕು ಅಂತ ಬರೆದಾಗಲೂ ಇಷ್ಟು ಬಂದಿರಲಿಲ್ಲ! ಕೆಲವರು ಕುತೂಹಲದಿಂದ ಕೇಳಿದ್ದಾರೆ, ಕೆಲವರು ಸಿಟ್ಟಿನಿಂದ, ಒಬ್ಬರು ಮಾತ್ರ "ನಮ್ಮನ್ನ ಯಾಕೆ ಕರೀಲಿಲ್ಲ" ಅಂತ. ಆ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲ. ಉಳಿದವಕ್ಕೆ ಈ ಸಲದ ಪುಟ ಪೂರ್ತಿ ಕೊಟ್ಟುಬಿಡುತ್ತೇನೆ.

ಒಂದೇ ತೋಟ, ಒಂದೇ ಹೆಸರು, ಒಂದೇ ಬಣ್ಣ ಅಂತೀರಿ. ಹಂಗಾದ್ರೆ ಎಂಟು ಬಾಟಲಿ ಯಾಕೆ? ಒಂದು ಕುಡಿದರೆ ಎಲ್ಲಾ ಕುಡಿದ ಹಾಗೇ ಅಲ್ವಾ?
— ಸೇಡಂ ರಸ್ತೆಯ ಓದುಗರು, ಕಲಬುರಗಿ

ನಿಮ್ಮ ಮನೆಯಲ್ಲಿ ಹೊಲ ಇದ್ದಿದ್ದರೆ ಇದನ್ನು ಕೇಳುತ್ತಿರಲಿಲ್ಲ. ಅದೇ ಹೊಲ, ಅದೇ ಬೀಜ, ಅದೇ ಎತ್ತು. ಆದರೂ ಒಂದು ವರ್ಷದ ತೊಗರಿ ಇನ್ನೊಂದು ವರ್ಷದ ತೊಗರಿ ಆಗುವುದಿಲ್ಲ. ಒಂದು ವರ್ಷ ಕಾಳು ದಪ್ಪ, ಒಂದು ವರ್ಷ ಹೂವಿಗೆ ಮಳೆ ಹೊಡೆದು ಅರ್ಧ ಉದುರುತ್ತದೆ, ಇನ್ನೊಂದು ವರ್ಷ ನೆಟೆ ರೋಗ ಬಂದು ನಿಂತಲ್ಲೇ ಒಣಗುತ್ತದೆ. ದ್ರಾಕ್ಷಿಗೂ ಇದೇ ಹಣೆಬರಹ. ಬಾಟಲಿ ಮೇಲಿರುವ ವರ್ಷ ಅಂದ್ರೆ ವೈನ್ ತುಂಬಿಸಿದ ವರ್ಷ ಅಲ್ಲ, ಹಣ್ಣು ಕೊಯ್ದ ವರ್ಷ. ಅದನ್ನೇ ವಿಂಟೇಜ್ ಅನ್ನುತ್ತಾರೆ. ಒಂದೇ ತೋಟದ್ದು, ಬೇರೆ ಬೇರೆ ವರ್ಷದ್ದು ಸಾಲಾಗಿ ಇಟ್ಟು ನೋಡಿದರೆ ಅದು ವರ್ಟಿಕಲ್ ಟೇಸ್ಟಿಂಗ್. ಒಂದೇ ವರ್ಷದ್ದು, ಬೇರೆ ಬೇರೆ ತೋಟದ್ದು ನೋಡಿದರೆ ಹಾರಿಜಾಂಟಲ್. ನನ್ನನ್ನು ಕೇಳಿದರೆ ಮೊದಲನೆಯದರಲ್ಲೇ ಮಜಾ ಜಾಸ್ತಿ. ತೋಟ ಬದಲಾಗಿಲ್ಲ, ಹಾಗಾಗಿ ನಾಲಿಗೆಗೆ ಸಿಗುವ ವ್ಯತ್ಯಾಸ ಬಹುಪಾಲು ಆ ವರ್ಷದ ಮಳೆ ಬಿಸಿಲಿನದು.

ನಮ್ಮ ತೋಟ ಇರುವುದು ಬೋರ್ಡೋ ಪಟ್ಟಣದ ಉತ್ತರಕ್ಕೆ, ಜಿರೊಂದ್ ಎಂಬ ಅಗಲವಾದ ಅಳಿವೆಯ ಎಡದಂಡೆಯ ಸಾಂ-ಜೂಲಿಯಾಂ ಎಂಬ ಊರಿನಲ್ಲಿ. ಶಾಟೋ, ಅಂದ್ರೆ ವೈನ್ ತೋಟದ ಹೆಸರು ಹೇಳುವುದಿಲ್ಲ, ಯಾಕಂದ್ರೆ ಎರಡು ಬಾಟಲಿ ಕೆಟ್ಟಿದ್ದವು, ಅದರಲ್ಲಿ ಒಂದನ್ನು ಕೆಡಿಸಿದ್ದು ನಾವೇ. ಆ ದಂಡೆಯ ನೆಲ ಗರಸು. ಪೂರ್ತಿ ದುಂಡು ಕಲ್ಲು, ಉಸುಕು. ನಮ್ಮ ಎರಿ ಹೊಲದವರು ನೋಡಿದರೆ "ಇದರಾಗ ಏನ್ ಬೆಳೀತದ" ಅಂತ ನಗುತ್ತಾರೆ. ಆದರೆ ನೀರು ನಿಲ್ಲುವುದಿಲ್ಲ, ಹಗಲಿನ ಬಿಸಿಲನ್ನು ಕಲ್ಲು ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯೋನ್ ಎಂಬ ತಳಿಗೆ ಇದೇ ಬೇಕು. ಜೊತೆಗೆ ಮೆರ್ಲೋ ಇರುತ್ತದೆ, ಇದು ಬೇಗ ಹಣ್ಣಾಗುತ್ತದೆ. ಸ್ವಲ್ಪ ಕ್ಯಾಬರ್ನೆ ಫ್ರಾಂ, ಸ್ವಲ್ಪ ಪೆತೀ ವೆರ್ದೋ. ಯಾಕೆ ಇಷ್ಟೊಂದು ತಳಿ? ನಾವು ತೊಗರಿ ಸಾಲಿನ ನಡುವೆ ಹೆಸರೋ ಉದ್ದೋ ಹಾಕುವುದಿಲ್ವಾ, ಹಾಗೇ. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ.

ಈಗ ಆ ಎಂಟು. 1996, 2000, 2003, 2005, 2009, 2010, 2013, 2016. ಮನೆಯವನು, ಅಂದ್ರೆ ಆ ಮಾಳಿಗೆ ಮನೆಯ ಗೆಳೆಯ, ಎಲ್ಲಾ ಬಾಟಲಿಗೂ ಪೇಪರ್ ಸುತ್ತಿ, ಮೇಲೆ ಸ್ಕೆಚ್ ಪೆನ್ನಿನಿಂದ ನಂಬರ್ ಬರೆದಿದ್ದ. ಯಾವುದು ಯಾವ ವರ್ಷದ್ದು ಅಂತ ಅವನಿಗೆ ಮಾತ್ರ ಗೊತ್ತು.

ಎರಡನೇ ನಂಬರಿನದನ್ನು ಮೂಗಿಗೆ ಹಿಡಿದ ಕೂಡಲೇ ನಮ್ಮಲ್ಲಿ ಒಬ್ಬ, ವೃತ್ತಿಯಲ್ಲಿ ಬೇಳೆ ವ್ಯಾಪಾರಿ, "ಇದು ನಮ್ಮೂರಿಂದು, ಏಪ್ರಿಲ್ ತಿಂಗಳಿಂದು" ಅಂದ. ಎಲ್ಲರೂ ನಕ್ಕೆವು. ಪೇಪರ್ ಬಿಚ್ಚಿದರೆ 2003! ಆ ವರ್ಷದ ಆಗಸ್ಟ್‌ನಲ್ಲಿ ಯುರೋಪಿಗೆಲ್ಲಾ ಬಿಸಿಗಾಳಿ ಬಡಿದು ಸಾವಿರಾರು ಜನ ಸತ್ತಿದ್ದರು. ದ್ರಾಕ್ಷಿ ಬಳ್ಳಿಯ ಮೇಲೇ ಬಾಡಿ, ಕೊಯ್ಲು ತುಂಬಾ ಮುಂಚೆ ಮುಗಿದಿತ್ತು. ಗ್ಲಾಸಿನಲ್ಲಿ ಒಣದ್ರಾಕ್ಷಿ, ಅಂಜೂರ, ಬೆಲ್ಲದ ಪಾಕ ಕೆಳಗೆ ಹತ್ತಿದಂಥ ವಾಸನೆ. ಹುಳಿ ಕಡಿಮೆ. ಕೆಟ್ಟದ್ದೇನಲ್ಲ, ಆದರೆ ಎರಡನೇ ಗುಟುಕಿಗೆ ದಣಿವಾಗುತ್ತದೆ. ಫ್ರಾನ್ಸಿನ ಮುಖವನ್ನೇ ನೋಡದ ಮನುಷ್ಯ ಬಾಯಲ್ಲೇ ಹವಾಮಾನ ಹೇಳಿದ್ದು ನೋಡಿ ನನಗೆ ಆ ಸಂಜೆ ಸಾರ್ಥಕ ಅನ್ನಿಸಿಬಿಟ್ಟಿತು.

2009 ಮತ್ತು 2010 ಅಕ್ಕಪಕ್ಕ ಇಟ್ಟಿದ್ದು ಮನೆಯವನ ಕಿತಾಪತಿ. ಎರಡೂ ಒಳ್ಳೆಯ ವರ್ಷ ಅಂತ ಎಲ್ಲರೂ ಒಪ್ಪಿದ್ದೇ. ಆದರೆ ಅಣ್ಣ ತಮ್ಮ ಬೇರೆ ಬೇರೆ. 2009 ಬೆಚ್ಚಗಿನ ವರ್ಷ, ಹಣ್ಣು ತುಂಬಿ ಮಾಗಿದ್ದು, ಬಾಯಿಗೆ ಹಾಕಿದ ಕೂಡಲೇ ಸ್ನೇಹ. 2010 ಒಣ ವರ್ಷ, ರಾತ್ರಿಗಳು ತಂಪು. ಹುಳಿಯೂ ಇದೆ, ಒಗರೂ ಇದೆ, ಬಾಯಿ ಗಟ್ಟಿ ಹಿಡಿಯುತ್ತದೆ. ಐದು ಜನ 2009ಕ್ಕೆ ಕೈ ಎತ್ತಿದರು. ನಾನು 2010ಕ್ಕೆ. ಇನ್ನೂ ಹತ್ತು ವರ್ಷ ಬಿಟ್ಟು ಕುಡಿದರೆ ನಾನೇ ಗೆಲ್ಲುತ್ತೇನೆ, ಆದರೆ ಆಗ ಬಾಟಲಿ ಎಲ್ಲಿರುತ್ತದೆ?

2016 ಇನ್ನೂ ಹುಡುಗ. ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ ಕಪ್ಪು ನೇರಳೆ ಬಣ್ಣ. ಆ ವರ್ಷ ವಸಂತದಲ್ಲಿ ಬೇಡ ಬೇಡ ಅಂದರೂ ಮಳೆ, ಆಮೇಲೆ ಬೇಸಿಗೆ ಪೂರ್ತಿ ಒಣ, ಸೆಪ್ಟೆಂಬರ್ ನಡುವೆ ಸರಿಯಾದ ಹೊತ್ತಿಗೆ ಒಂದು ಮಳೆ. ಇಂಥ ಮಳೆಗೆ ನಮ್ಮ ರೈತರು ದೇವರಿಗೆ ಕಾಯಿ ಒಡೆಯುತ್ತಾರೆ.

ಇನ್ನು 2013. ಪುಸ್ತಕದ ಲೆಕ್ಕದಲ್ಲಿ ಬಡ ವರ್ಷ. ವಸಂತದಲ್ಲಿ ಚಳಿ, ಮಳೆ, ಹೂವು ಸರಿಯಾಗಿ ಕಟ್ಟಲಿಲ್ಲ, ಕೊಯ್ಲಿನ ಹೊತ್ತಿಗೆ ಕೊಳೆ ಹತ್ತಿತು. ಬೆಳೆಯೂ ಕಡಿಮೆ. ಬಣ್ಣ ತೆಳು, ಸ್ವಲ್ಪ ದೊಣ್ಣೆಮೆಣಸಿನಕಾಯಿ ವಾಸನೆ. ಕ್ಯಾಬರ್ನೆ ಪೂರ್ತಿ ಹಣ್ಣಾಗದಿದ್ದರೆ ಈ ವಾಸನೆ ಬರುತ್ತದೆ. ಆದರೆ ಊಟಕ್ಕೆ ಕೂತಾಗ ಮೊದಲು ಖಾಲಿಯಾದ ಬಾಟಲಿ ಅದೇ! ಹಗುರ, ತಂಪು, ಬಾಯಿ ಕಟ್ಟುವುದಿಲ್ಲ. ನಂಬರು ಕೊಡುವಾಗ ಯಾರೂ ಅದನ್ನು ಮೇಲಕ್ಕೆ ಇಟ್ಟಿರಲಿಲ್ಲ, ಗ್ಲಾಸು ಮಾತ್ರ ಎಲ್ಲರದ್ದೂ ಅದಕ್ಕೇ ಚಾಚಿತ್ತು. ಈ ನಂಬರ್ ಕೊಡುವ ಚಾಳಿಯ ಮೇಲೆ ನನಗೆ ಅವತ್ತಿನಿಂದ ನಂಬಿಕೆ ಕಡಿಮೆಯಾಗಿದೆ.

1996ರ ಕಥೆ ಮುಂದೆ ಹೇಳುತ್ತೇನೆ.

ನನ್ನ ಭಾವ ಎಂಟು ವರ್ಷದ ಹಿಂದೆ ಫಾರಿನ್ನಿಂದ ಒಂದು ಕೆಂಪು ವೈನ್ ತಂದುಕೊಟ್ಟಿದ್ದ. ಹಳೆಯದಾದಷ್ಟೂ ಒಳ್ಳೆಯದು ಅಂತ ಗಾಡ್ರೇಜ್ ಬೀರುವಿನಲ್ಲಿ ಇಟ್ಟಿದ್ದೇನೆ. ಈಗ ಎಷ್ಟು ಬೆಲೆ ಬಾಳಬಹುದು?
— ಒಬ್ಬ ಶಿಕ್ಷಕರು, ಯಾದಗಿರಿ

ಮೇಷ್ಟ್ರೇ, ಬೇಜಾರಾಗಬೇಡಿ. ಎಂಟು ಯಾದಗಿರಿ ಬೇಸಿಗೆ ಕಬ್ಬಿಣದ ಬೀರುವಿನಲ್ಲಿ ಕಳೆದ ವೈನ್ ಈಗ ವೈನ್ ಆಗಿ ಉಳಿದಿರುವುದು ಕಷ್ಟ.

ನಮ್ಮ 2005ರ ಬಾಟಲಿಗೆ ಆಗಿದ್ದೂ ಇದೇ. ಒಣ ಹವೆಯ ಒಳ್ಳೆಯ ವರ್ಷ ಅದು. ಬಾಟಲಿ ತಂದ ಗೆಳೆಯ ಇಪ್ಪತ್ತು ವರ್ಷ ದುಬೈನಲ್ಲಿದ್ದವನು, ಊರಿಗೆ ಬರುವಾಗಲೆಲ್ಲ ಎರಡೆರಡು ತರುತ್ತಿದ್ದ. ಒಂದು ಸಲ ಅವಸರದಲ್ಲಿ ಈ ಬಾಟಲಿ ಯಾದಗಿರಿಯ ಅವನ ತಂಗಿ ಮನೆಯ ಅಡುಗೆಮನೆ ಅಟ್ಟದ ಮೇಲೆ ಉಳಿದುಬಿಟ್ಟಿತು. ಒಂದೇ ಬೇಸಿಗೆ. ಹೊರಗೆ 42, 43 ಡಿಗ್ರಿ ಇದ್ದರೆ ಒಲೆ ಮೇಲಿನ ಅಟ್ಟದಲ್ಲಿ ಎಷ್ಟಿರುತ್ತದೆ ನೀವೇ ಯೋಚಿಸಿ. ಬಿಸಿಗೆ ವೈನ್ ಉಬ್ಬಿ ಬೂಚು ಒಂದು ಕೂದಲೆಳೆಯಷ್ಟು ಮೇಲೆ ಬಂದಿತ್ತು, ಕುತ್ತಿಗೆಯ ತಗಡಿನ ಕೆಳಗೆ ಅಂಟು ಇಳಿದ ಗುರುತು. ಬಣ್ಣ ಇಟ್ಟಂಗಿಯಾಗಿತ್ತು. ರುಚಿ? ಕುದಿಸಿಟ್ಟ ಹಣ್ಣಿನ ಪಾಕ, ಹಿಂದೆ ಸ್ವಲ್ಪ ಸಿರ್ಕಾ, ಅಂದ್ರೆ ವಿನೆಗರ್. ತಂದವನ ಮುಖ ನೋಡುವ ಹಾಗಿರಲಿಲ್ಲ. ಅವನ ತಂಗಿಗೆ ಮಾತ್ರ ಹೇಳಬೇಡಿ ಅಂದ, ಈಗ ಪತ್ರಿಕೆಯಲ್ಲೇ ಬರೆದಾಯಿತು.

ವೈನ್ ಇಡಬೇಕಾದ್ದು 12ರಿಂದ 14 ಡಿಗ್ರಿಯಲ್ಲಿ, ಕತ್ತಲಲ್ಲಿ, ಅಲುಗಾಡದಂತೆ, ಬೂಚು ಒಣಗದ ಹಾಗೆ ಅಡ್ಡ ಮಲಗಿಸಿ. ತಂಪು ಎಷ್ಟು ಮುಖ್ಯವೋ ಒಂದೇ ಸಮ ಇರುವುದೂ ಅಷ್ಟೇ ಮುಖ್ಯ. ನಮ್ಮ ಹಿರಿಯರು ಜೋಳ ಇಡುತ್ತಿದ್ದ ಹಗೇವು ನೆನಪು ಮಾಡಿಕೊಳ್ಳಿ. ಮೇಲೆ ಬೆಂಕಿ ಬಿಸಿಲಿದ್ದರೂ ನೆಲದೊಳಗೆ ಹವೆ ಅಷ್ಟೊಂದು ಬದಲಾಗುವುದಿಲ್ಲ. ಫ್ರಾನ್ಸಿನವರ ನೆಲಮಾಳಿಗೆಯ ಗುಟ್ಟೂ ಅದೇ. ಈಗ ಹಗೇವು ಎಲ್ಲಿ ಉಳಿದಿವೆ. ಮಾಳಿಗೆ ಮನೆಯವನು ಉಳಿದ ಏಳನ್ನು ಒಂದು ಚಿಕ್ಕ ವೈನ್ ಫ್ರಿಜ್ಜಿನಲ್ಲಿ ಇಟ್ಟಿದ್ದ, ಅದಕ್ಕೇ ಅಂತ ಒಂದು ಇನ್ವರ್ಟರ್. ಕರೆಂಟ್ ಹೋದರೆ ಮನೆಯ ಫ್ಯಾನ್ ನಿಲ್ಲುತ್ತಿತ್ತು, ಅದು ಮಾತ್ರ ನಿಲ್ಲುತ್ತಿರಲಿಲ್ಲ. ಹೆಂಡತಿಯ ಸಿಟ್ಟಿಗೆ ಕಾರಣ ಕುಡಿತ ಅಲ್ಲ, ಇದು.

ಇನ್ನೊಂದು ಮಾತು. ಎಲ್ಲಾ ವೈನೂ ಹಳೆಯದಾಗಲಿ ಅಂತ ಮಾಡಿದ್ದಲ್ಲ. ಲೋಕದಲ್ಲಿ ತಯಾರಾಗುವ ಬಹುಪಾಲು ವೈನ್ ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸುವಂಥದ್ದು. ಒಗರು, ಹುಳಿ, ಹಣ್ಣು ಮೂರೂ ಗಟ್ಟಿಯಾಗಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥ. ನಿಮ್ಮ ಬಾಟಲಿಯನ್ನು ಮಾರುವ ಯೋಚನೆ ಬಿಡಿ. ಈ ಭಾನುವಾರ ಭಾವನನ್ನು ಕರೆಸಿ, ತೆಗೆಯಿರಿ. ಕೆಟ್ಟಿದ್ದರೆ ಇಬ್ಬರೂ ನಕ್ಕು ಚೆಲ್ಲಿ.

ಗ್ಲಾಸ್ ತಿರುಗಿಸೋದು, ಮೂಗು ಒಳಗೆ ಹಾಕೋದು, ಬಾಯಲ್ಲಿ ಗಳಗಳ ಮಾಡೋದು. ಇದೆಲ್ಲ ದೊಡ್ಡಸ್ತಿಕೆಯ ನಾಟಕ ಅಲ್ವಾ?
— ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಓದುಗರು, ಶಹಾಬಾದ್

ಅರ್ಧ ನಾಟಕ. ಉಳಿದರ್ಧ ಅಲ್ಲ.

ಚಹಾಪುಡಿ ಕೊಳ್ಳುವಾಗ ಅಂಗಡಿಯವನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡುವುದಿಲ್ವಾ? ನೀವು ಫರಸಿ ಕಲ್ಲನ್ನು ಬಡಿದು ಸಪ್ಪಳ ಕೇಳಿ ಸೀಳು ಇದೆಯಾ ಅಂತ ನೋಡುವುದಿಲ್ವಾ? ಹಾಗೇ ಇದು. ರುಚಿ ಅಂತ ನಾವು ಹೇಳುವುದರಲ್ಲಿ ಜಾಸ್ತಿ ಪಾಲು ವಾಸನೆಯೇ. ಗ್ಲಾಸ್ ತಿರುಗಿಸಿದರೆ ಗಾಳಿ ತಾಗಿ ವಾಸನೆ ಮೇಲೆ ಬರುತ್ತದೆ. ಗ್ಲಾಸು ಹೊಟ್ಟೆ ಅಗಲ, ಬಾಯಿ ಕಿರಿದು ಇರುವುದು ಆ ವಾಸನೆ ಓಡಿಹೋಗದಿರಲಿ ಅಂತ. ಬಣ್ಣ ನೋಡಲಿಕ್ಕೆ ಬಿಳಿ ಹಾಳೆ ಬೇಕು. ನಾವು ಹೋದ ವರ್ಷದ ಕ್ಯಾಲೆಂಡರ್ ಹರಿದು ಅದರ ಬೆನ್ನು ಮೇಲೆ ಮಾಡಿ ಹಾಸಿದ್ದೆವು. ಗ್ಲಾಸನ್ನು ಅದರ ಮೇಲೆ ಓರೆ ಹಿಡಿದರೆ ಅಂಚಿನ ಬಣ್ಣ ಕಾಣುತ್ತದೆ. ಹೊಸದಕ್ಕೆ ನೇರಳೆ ಅಂಚು, ಹಳೆಯದಕ್ಕೆ ಸುಟ್ಟ ಇಟ್ಟಂಗಿಯ ಬಣ್ಣ.

ಒಗರು ಅಂತ ಮತ್ತೆ ಮತ್ತೆ ಅಂದೆನಲ್ಲ, ಅದು ಟ್ಯಾನಿನ್. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರುತ್ತದೆ, ಸ್ವಲ್ಪ ಓಕ್ ಮರದ ಪೀಪಾಯಿಯಿಂದಲೂ. ಬೋರ್ಡೋದ ಪೀಪಾಯಿ 225 ಲೀಟರ್ ಹಿಡಿಯುತ್ತದೆ, ಒಳ್ಳೆಯ ತೋಟದವರು ಅದರಲ್ಲಿ ವರ್ಷ ಒಂದೂವರೆ ವರ್ಷ ಇಡುತ್ತಾರೆ. ಹಸಿ ಅಡಿಕೆ ಅಗಿದಾಗ, ಕಡು ಚಹಾ ಕುಡಿದಾಗ ಒಸಡು ಹಿಡಿದಂತಾಗುತ್ತದಲ್ಲ, ಅದೇ. ವರ್ಷ ಕಳೆದಂತೆ ಈ ಒಗರು, ಬಣ್ಣ ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕೆ ಕೂರುತ್ತದೆ. ಹಳೆ ವೈನ್ ನಯವಾಗುವುದೂ, ಬಣ್ಣ ತೆಳುವಾಗುವುದೂ, ಬಾಟಲಿ ತಳದಲ್ಲಿ ಕಾಫಿ ಚರಟದಂಥ ಗಸಿ ನಿಲ್ಲುವುದೂ ಇದಕ್ಕೇ.

ಹಾಗಾಗಿ 1996ರ ಬಾಟಲಿಯನ್ನು ಮನೆಯವನು ಎರಡು ದಿನ ಮುಂಚೆಯೇ ನೆಟ್ಟಗೆ ನಿಲ್ಲಿಸಿದ್ದ, ಗಸಿ ತಳಕ್ಕೆ ಇಳಿಯಲಿ ಅಂತ. ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಸುರುಳಿ ತಿರುಗಿಸಿದೆ, ಎಳೆದೆ, ಅರ್ಧ ಬೂಚು ಬಂತು. ಇನ್ನರ್ಧ ನೆಂದ ರಸ್ಕಿನ ಹಾಗೆ ಪುಡಿ ಪುಡಿ. ಏಳು ಜನ ಉಸಿರು ಹಿಡಿದು ನನ್ನ ಕೈ ನೋಡುತ್ತಿದ್ದಾರೆ. ಹಳೆ ಬೂಚಿಗೆ ಎರಡು ಕಾಲಿನ ಚಿಮುಟದಂಥ ಸಾಧನ ಬರುತ್ತದೆ, ಬೂಚಿನ ಎರಡೂ ಬದಿ ಇಳಿಸಿ ತಿರುಗಿಸುತ್ತಾ ಮೇಲಕ್ಕೆ ಎಳೆಯುವುದು. ಅದು ನಮ್ಮ ಹತ್ತಿರ ಇರಲಿಲ್ಲ. ಕೊನೆಗೆ ಉಳಿದದ್ದನ್ನು ಒಳಕ್ಕೇ ತಳ್ಳಿ, ತೊಳೆದ ಮಲ್ ಬಟ್ಟೆ ಚಹಾ ಸೋಸುವ ಜಾಲರಿಗೆ ಹಾಸಿ, ಕುತ್ತಿಗೆ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು, ನಿಧಾನಕ್ಕೆ ಗಾಜಿನ ಜಗ್ಗಿಗೆ ಬಗ್ಗಿಸಿದೆ. ಬೆಳಕಿನಲ್ಲಿ ಕೆಂಪು ತಿಳಿಯಾಗಿ ಹರಿಯುತ್ತಿರುತ್ತದೆ, ಒಮ್ಮೆಲೇ ಒಂದು ಕಪ್ಪು ಎಳೆ ಕುತ್ತಿಗೆಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಎರಡು ಬೆರಳಿನಷ್ಟು ಉಳಿಯಿತು, ಉಳಿಯಲಿ.

ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹಳೆ ಬಾಟಲಿಗೂ ಸ್ವಲ್ಪ ಹೊತ್ತು ಬೇಕು. ಮೊದಲು ಮುಚ್ಚಿದ ಕೋಣೆಯ ವಾಸನೆ. ಹತ್ತು ನಿಮಿಷ ಕಳೆದ ಮೇಲೆ ಪೆನ್ಸಿಲ್ ಕೆತ್ತಿದಾಗಿನ ವಾಸನೆ. ಆಮೇಲೆ ಬೀಡಿ ಕಟ್ಟುವ ಮನೆಯ ಒಣ ತಂಬಾಕು. ಕೊನೆಗೆ ಮಳೆ ನಿಂತ ಮೇಲೆ ಬೇವಿನ ಗಿಡದ ಕೆಳಗೆ ಒದ್ದೆ ಎಲೆ. ಹಣ್ಣು ಎಲ್ಲೋ ಹಿಂದೆ ಸಣ್ಣಗೆ ಇದೆ. 1996ರಲ್ಲಿ ಸೆಪ್ಟೆಂಬರ್ ಬಿಸಿಲು ಕ್ಯಾಬರ್ನೆಗೆ ಒಲಿದಿತ್ತು, ಆ ಹುಳಿ ಇನ್ನೂ ಬೆನ್ನೆಲುಬಿನ ಹಾಗೆ ನೆಟ್ಟಗೆ ನಿಂತಿತ್ತು. ಮಾಳಿಗೆ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾಟಕ ಅಂದಿರಲ್ಲ, ಅಷ್ಟು ಹೊತ್ತು ನಾಟಕ ಇರಲಿಲ್ಲ.

ಇನ್ನೊಂದು ಬಾಟಲಿ ಕೆಟ್ಟಿತ್ತು ಅಂತ ಕೇಳಿದೆ. ಯಾವುದು?
— ಆ ಸಂಜೆ ಬರಲಾಗದ ಗೆಳೆಯರು, ಜೇವರ್ಗಿ ರಸ್ತೆ

ಉರಿಸಬೇಡ ಮಾರಾಯ. 2000. ಎಲ್ಲರೂ ಕಾಯುತ್ತಿದ್ದದ್ದೇ ಅದಕ್ಕೆ. ಮೂಗಿಗೆ ಹಿಡಿದರೆ ಮಳೆಯಲ್ಲಿ ನೆಂದು ಮೂಲೆಗೆ ಬಿದ್ದ ಗೋಣಿಚೀಲ. ಇದು ಬೂಚಿನಲ್ಲಿ ಸೇರುವ ಟಿಸಿಎ ಎಂಬ ವಸ್ತುವಿನ ಕೆಲಸ, ಎಳ್ಳಿನಷ್ಟಿದ್ದರೂ ಬಾಟಲಿ ಪೂರ್ತಿ ಹೋದ ಹಾಗೆ. ಆರೋಗ್ಯಕ್ಕೆ ಕೆಡುಕಿಲ್ಲ, ಆದರೆ ಹಣ್ಣಿನ ವಾಸನೆಯನ್ನೇ ನುಂಗಿಬಿಡುತ್ತದೆ. ಗಾಳಿಗೆ ಇಟ್ಟರೂ ಸರಿ ಹೋಗುವುದಿಲ್ಲ. ಎಷ್ಟೇ ದುಡ್ಡು ಕೊಟ್ಟಿರಿ, ಎಷ್ಟೇ ತಂಪಾಗಿ ಇಟ್ಟಿರಿ, ಇದರ ಮುಂದೆ ಯಾರದೂ ನಡೆಯುವುದಿಲ್ಲ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬಿದ್ರಿ ಸುರಾಹಿ ಇದೆ, ಬೆಳ್ಳಿ ಕುಸುರಿಯದು. ವೈನ್ ಬಗ್ಗಿಸಿಡಲು ಅದನ್ನು ಬಳಸಿದರೆ ಶೋಭೆ ಅಲ್ವಾ?
— ಒಬ್ಬ ಗೃಹಿಣಿ, ಬೀದರ್

ಶೋಭೆ ನಿಜ, ಆದರೆ ದಯವಿಟ್ಟು ಬೇಡ. ಬಿದ್ರಿ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ವೈನ್ ಹುಳಿ ಪದಾರ್ಥ. ಹುಳಿ ಸತುವನ್ನು ಕರಗಿಸುತ್ತದೆ. ಹುಣಸೆ ಸಾರನ್ನು ಕಲಾಯಿ ಇಲ್ಲದ ಪಾತ್ರೆಯಲ್ಲಿ ಇಡಬೇಡ ಅಂತ ಅಜ್ಜಿ ಬೈಯುತ್ತಿದ್ದದ್ದು ನೆನಪಿದೆಯಲ್ಲ. ವೈನೂ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ, ಅಜ್ಜನ ಸುರಾಹಿಯೂ ಕೆಡುತ್ತದೆ. ಕೋಟೆಯ ಮಣ್ಣಿನಲ್ಲಿ ಬೇಯಿಸಿ ಕಪ್ಪು ಬರಿಸಿದ ಕೆಲಸ ಅದು, ಶೋಕೇಸಿನಲ್ಲೇ ಚಂದ. ಸಾದಾ ಗಾಜಿನ ಜಗ್ಗು ಸಾಕು.

ಬಿದ್ರಿ ಅಂದಾಗ ನೆನಪಾಯಿತು. ಹೀಗೆ ರುಚಿ ನೋಡುವವರು ಎಲ್ಲವನ್ನೂ ನುಂಗುವುದಿಲ್ಲ, ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಉಗುಳಲಿಕ್ಕೆ ಒಂದು ಪಾತ್ರೆ ಬೇಕಲ್ಲ. ನಮ್ಮಲ್ಲಿ ಒಬ್ಬ ತನ್ನ ಮನೆಯ ಹಳೆ ಪೀಕದಾನಿ ತಂದಿದ್ದ, ಹಿತ್ತಾಳೆಯದು. ಎಲೆ ಅಡಿಕೆಯ ಊರಿನವರಿಗೆ ಉಗುಳುವುದನ್ನು ಯಾರೂ ಕಲಿಸಬೇಕಿಲ್ಲ! ಮೊದಲ ಬಾಟಲಿಗೆ ನಾಚಿಕೆ, ಮೂರನೆಯದರ ಹೊತ್ತಿಗೆ ಗುರಿ ಇಟ್ಟು ಉಗುಳುತ್ತಿದ್ದರು.

ಅಷ್ಟು ಬಾಟಲಿ ಕುಡಿದು ಮನೆಗೆ ಹೇಗೆ ಹೋದಿರಿ? ಮರುದಿನ ತಲೆನೋವು?
— ಚಿಂತೆಯಲ್ಲಿರುವ ಓದುಗರು, ಚಿತ್ತಾಪುರ

ಲೆಕ್ಕ ಹಾಕೋಣ. ಒಂದು ಬಾಟಲಿ 750 ಮಿಲಿ. ಎಂಟು ಜನಕ್ಕೆ ಪೂರ್ತಿ ಹಂಚಿದರೆ ತಲಾ 90 ಮಿಲಿಗಿಂತ ಚೂರು ಜಾಸ್ತಿ. ಹಾಗೆ ಎಂಟು ಬಾಟಲಿ ಅಂದ್ರೆ ಪ್ರತಿಯೊಬ್ಬನ ಹೊಟ್ಟೆಗೆ ಒಂದು ಇಡೀ ಬಾಟಲಿ. ಅದು ರುಚಿ ನೋಡುವುದಲ್ಲ, ಕುಡಿತ. ನಾವು ಹಾಕಿದ್ದು ತಲಾ 40 ಮಿಲಿ. ಅದರಲ್ಲೂ ಅರ್ಧ ಪೀಕದಾನಿಗೆ. ಉಳಿದದ್ದು ಆಮೇಲೆ ಊಟದ ಜೊತೆ ಸ್ವಲ್ಪ ಸ್ವಲ್ಪ. ಪಕ್ಕದಲ್ಲಿ ತಂಬಿಗೆ ನೀರು. ಇಬ್ಬರು ಅಲ್ಲೇ ಮಲಗಿದರು, ಉಳಿದವರನ್ನು ಕುಡಿಯದ ಒಬ್ಬ ಅಳಿಯ ಕಾರಿನಲ್ಲಿ ಬಿಟ್ಟುಬಂದ. ಗಾಡಿ ಯಾರೂ ಮುಟ್ಟಲಿಲ್ಲ. ತಲೆನೋವು ಬೇಳೆ ವ್ಯಾಪಾರಿಗೆ ಮಾತ್ರ ಬಂತು. ಅವನು ಉಗುಳಿರಲಿಲ್ಲ. "ಕ್ವಿಂಟಲ್ ತೊಗರಿ ಉಗುಳಲೇನು" ಅಂತ ವಾದ.

ಒಂದು ಕ್ವಿಂಟಲ್ ತೊಗರಿ ಅಂದ್ರೆ? ನಾವು ಐದು ಜನ ಗೆಳೆಯರಿದ್ದೇವೆ, ನಮಗೂ ಮಾಡಬೇಕು ಅಂತಿದೆ. ಎಷ್ಟು ಖರ್ಚು?
— ಆಳಂದದ ಓದುಗರು

ಅವನ ಲೆಕ್ಕ ತಪ್ಪಿರಲಿಲ್ಲ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಹೆಸರಿರುವ ಬೋರ್ಡೋ ತೋಟದ ಒಂದು ಬಾಟಲಿ ವಿದೇಶದ ಅಂಗಡಿಯಲ್ಲೇ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ. ತೀರಾ ದೊಡ್ಡ ಹೆಸರಾದರೆ ಎಕರೆ ಬೆಳೆಯೇ ಬೇಕು. ಇಲ್ಲಿ ಅಂಗಡಿಯಲ್ಲಿ ಕೊಂಡರೆ ಆಮದು ಸುಂಕ, ರಾಜ್ಯದ ತೆರಿಗೆ ಸೇರಿ ಇನ್ನೂ ಮೇಲೆ. ಅದಕ್ಕೇ ನಮ್ಮ ದುಬೈ ಗೆಳೆಯ ಬರುವಾಗಲೆಲ್ಲ ಎರಡೇ ತರುತ್ತಿದ್ದದ್ದು. ವಿಮಾನದಲ್ಲಿ ಬರುವವರಿಗೆ ಸುಂಕವಿಲ್ಲದೆ ಬಿಡುವುದು ಎರಡು ಲೀಟರ್. ಮೂರು ಬಾಟಲಿ ಅಂದ್ರೆ ಎರಡೂಕಾಲು ಲೀಟರ್ ಆಗಿಬಿಡುತ್ತದೆ. ಎಂಟು ಬಾಟಲಿಗೆ ನಾಲ್ಕು ಪ್ರಯಾಣ, ಅದು ಒಂದೆರಡು ವರ್ಷದ ಮಾತಲ್ಲ.

ನಿಮಗೆ ನನ್ನ ಸಲಹೆ, ಬೋರ್ಡೋ ಬಿಡಿ, ಇಲ್ಲಿಂದಲೇ ಶುರು ಮಾಡಿ. ದೊಡ್ಡಬಳ್ಳಾಪುರದ ಹತ್ತಿರ ಬೆಳೆಯುವ ಗ್ರೋವರ್ ಅವರ ಲಾ ರಿಸರ್ವ್ ಅಂತ ಒಂದು ಕೆಂಪು ವೈನ್ ಇದೆ, ಕ್ಯಾಬರ್ನೆ ಮತ್ತು ಶಿರಾಜ್ ಸೇರಿದ್ದು. ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಆ ಕಂಪನಿಗೆ ಸಲಹೆ ಕೊಟ್ಟಿದ್ದವರು. ವರ್ಷಕ್ಕೆ ಎರಡು ಬಾಟಲಿ ಕೊಳ್ಳಿ. ಒಂದು ಕುಡಿಯಿರಿ, ಒಂದನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ತರಕಾರಿ ಹಿಂದೆ ಮಲಗಿಸಿ. ಫ್ರಿಜ್ಜು ವೈನಿಗೆ ಸ್ವಲ್ಪ ಜಾಸ್ತಿ ತಂಪೇ, ಆದರೆ ನಮ್ಮ ಬೀರುವಿಗಿಂತ ಸಾವಿರ ಪಾಲು ವಾಸಿ. ನಾಲ್ಕು ವರ್ಷಕ್ಕೆ ನಾಲ್ಕು ವಿಂಟೇಜ್ ಸೇರುತ್ತವೆ. ಐದು ಜನಕ್ಕೆ ನಾಲ್ಕು ಬಾಟಲಿ ಸಾಕೇ ಸಾಕು. ಎಂಟರಲ್ಲಿ ನಮಗೇ ಆರನೆಯದರ ಹೊತ್ತಿಗೆ ನಾಲಿಗೆ ಸೋತಿತ್ತು, ನಾವು ಒಪ್ಪಿಕೊಳ್ಳಲಿಲ್ಲ ಅಷ್ಟೇ.

ಕುಡಿಯುವ ಮುಂಚೆ ಒಂದು ಮಾತು. ಕೆಂಪು ವೈನನ್ನು ಕೋಣೆಯ ಹವೆಯಲ್ಲೇ ಕುಡಿಯಬೇಕು ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಅದು ಯುರೋಪಿನ ಹಳೆ ಚಳಿ ಮನೆಗಳ ಕೋಣೆ, 16ರಿಂದ 18 ಡಿಗ್ರಿ. ಆಳಂದದ ಕೋಣೆಯಲ್ಲ. ಹೊರಗಿದ್ದ ಬಾಟಲಿಯಾದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

1855ರ ಪಟ್ಟಿ ಅಂತ ಓದಿದ್ದೇನೆ. ಅದರಲ್ಲಿ ಮೊದಲ ದರ್ಜೆಯದೇ ಒಳ್ಳೆಯದು ಅಲ್ವಾ?
— ಕಾಲೇಜು ವಿದ್ಯಾರ್ಥಿ, ಕಲಬುರಗಿ

ಪ್ಯಾರಿಸ್‌ನ ದೊಡ್ಡ ವಸ್ತುಪ್ರದರ್ಶನಕ್ಕೆ ಅಂತ ಮೂರನೇ ನೆಪೋಲಿಯನ್ ಕಾಲದಲ್ಲಿ ಮಾಡಿಸಿದ ಬೋರ್ಡೋ ವೈನ್ ತೋಟಗಳ ದರ್ಜೆ ಪಟ್ಟಿ ಅದು. ಮಾಡಿದವರು ಬೋರ್ಡೋದ ದಲ್ಲಾಳಿಗಳು. ನಮ್ಮ ಎಪಿಎಂಸಿ ಅಡತಿಗಳು ಕೂತು ಯಾರ ಹೊಲದ ಬೇಳೆಗೆ ಇಷ್ಟು ವರ್ಷ ಏನು ರೇಟು ಸಿಕ್ಕಿದೆ ಅಂತ ನೋಡಿ ಐದು ಸಾಲು ಮಾಡಿದ ಹಾಗೆ. ಮೊದಲ ಸಾಲಿಗೆ ನಾಲ್ಕೇ ತೋಟ: ಲಾಫಿತ್, ಲಾತೂರ್, ಮಾರ್ಗೋ, ಓ-ಬ್ರಿಯಾನ್. ಮೂತೋನ್ ರಾಥ್‌ಶೀಲ್ಡ್ ಎರಡನೇ ಸಾಲಿನಲ್ಲಿತ್ತು, ಹಠ ಹಿಡಿದು 1973ರಲ್ಲಿ ಮೇಲೆ ಬಂತು. ಅದು ಬಿಟ್ಟರೆ ಸಾಲುಗಳು ಇದ್ದಲ್ಲೇ ಇವೆ. ಅಷ್ಟರಲ್ಲಿ ಎಷ್ಟು ತೋಟ ಕೈ ಬದಲಾಗಿದೆ, ಎಷ್ಟು ಜಮೀನು ಕೊಂಡಿದ್ದಾರೆ ಮಾರಿದ್ದಾರೆ. ಪೊಯಾಕ್ ಎಂಬ ಊರಿನ ಲಿಂಚ್-ಬಾಜ್ ತೋಟ ಐದನೇ ಸಾಲಿನದು, ಆದರೆ ಅದರ ಬೆಲೆ ಎರಡನೇ ಸಾಲಿನ ಎಷ್ಟೋ ತೋಟಗಳ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತದೆ. ಪಟ್ಟಿ ಇತಿಹಾಸಕ್ಕೆ ಸರಿ. ಪರೀಕ್ಷೆಗೆ ಬಂದರೆ ಬರಿ, ಕುಡಿಯುವಾಗ ಮರೆತುಬಿಡು. ಅದಕ್ಕೂ ಮೊದಲು ಕಾಲೇಜು ಮುಗಿಸು.

ಜೊತೆಗೆ ಏನು ತಿಂದಿರಿ? ಮಿರ್ಚಿ ಭಜಿ?
— ಹುಮನಾಬಾದ್ ಓದುಗರು

ಯಾರೋ ತಂದಿದ್ದರು! ಎರಡನೇ ಬಾಟಲಿಗೇ ಅದನ್ನು ಕೆಳಗೆ ಕಳಿಸಿದೆವು. ಖಾರಕ್ಕೂ ಒಗರಿಗೂ ಜಗಳ. ಖಾರ ಇದ್ದರೆ ವೈನ್ ಕಹಿ, ವೈನ್ ಇದ್ದರೆ ಖಾರ ದುಪ್ಪಟ್ಟು ಉರಿ. ಶೇಂಗಾ ಹಿಂಡಿಗೂ ಅವತ್ತು ರಜೆ. ರುಚಿ ನೋಡುವಾಗ ಬೇಕರಿಯ ಸಪ್ಪೆ ಬನ್ನು, ಉಪ್ಪಿಲ್ಲದೆ ಹುರಿದ ಶೇಂಗಾ, ಅಷ್ಟೇ. ಊಟಕ್ಕೆ ಮೆಣಸು ಉಪ್ಪು ಹಾಕಿ ಸುಟ್ಟ ಮಟನ್ ಮತ್ತು ಜೋಳದ ರೊಟ್ಟಿ. ಕೊಬ್ಬು ಒಗರನ್ನು ತಣಿಸುತ್ತದೆ. ಮಟನ್ ತಿನ್ನದ ಇಬ್ಬರಿಗೆ ತುಪ್ಪದಲ್ಲಿ ಹುರಿದ ಪನೀರು. ಕೊನೆಗೆ ನಮ್ಮ ಮಸಾಲೆ ಅನ್ನ, ತಹರಿ ಬಂತು, ಆಗ ವೈನ್ ಬದಿಗಿಟ್ಟೆವು. ತಹರಿಗೆ ಯಾವ ಜೊತೆಯೂ ಬೇಡ.

ನಮ್ಮ ಕಡೆ ಇಂಥ ದ್ರಾಕ್ಷಿ ಬೆಳೆಯುತ್ತದಾ?
— ಒಬ್ಬ ರೈತರು, ಬಸವಕಲ್ಯಾಣ

ವಿಜಯಪುರದ ಕಡೆ ದ್ರಾಕ್ಷಿ ಹೇಗೆ ಬೆಳೆಯುತ್ತದೆ ನಿಮಗೇ ಗೊತ್ತು. ಜಾಸ್ತಿ ಮಟ್ಟಿಗೆ ಅದು ತಿನ್ನುವ, ಒಣಗಿಸುವ ದ್ರಾಕ್ಷಿ. ವೈನ್ ತಳಿಗಳೂ ಕೃಷ್ಣಾ ಕಣಿವೆಯಲ್ಲಿ ಇವೆ. ಆದರೆ ಬೋರ್ಡೋದಲ್ಲಿ ಬಳ್ಳಿ ಚಳಿಗಾಲಕ್ಕೆ ನಿದ್ದೆ ಹೋಗುತ್ತದೆ, ಒಂದೇ ಚಾಟ್ನಿ (ಬಳ್ಳಿ ಸವರುವುದು), ಕೊಯ್ಲು ಸೆಪ್ಟೆಂಬರ್ ಅಕ್ಟೋಬರ್. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ. ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಚಾಟ್ನಿ ಒಂದು, ಕೊಯ್ಲು ಫೆಬ್ರವರಿ ಮಾರ್ಚ್. ಕೊಯ್ಲಿನ ಹೊತ್ತಿಗೆ ಸಾಮಾನ್ಯವಾಗಿ ಒಣ ಹವೆ. ಅದಕ್ಕೇ ಇರಬೇಕು, ನಮ್ಮ ವೈನುಗಳಲ್ಲಿ ವರ್ಷದಿಂದ ವರ್ಷಕ್ಕೆ ಅಷ್ಟು ಏರಿಳಿತ ನನ್ನ ನಾಲಿಗೆಗೆ ಸಿಕ್ಕಿಲ್ಲ. ಹಾಕುವ ಯೋಚನೆ ಇದ್ದರೆ ಮೊದಲು ಕೊಳ್ಳುವವರನ್ನು ಹುಡುಕಿ, ಆಮೇಲೆ ಸಸಿ.

ಶರಣರು ನಡೆದಾಡಿದ ನೆಲದಲ್ಲಿ, ಮನೆಮಂದಿ ಎಲ್ಲಾ ಓದುವ ಪತ್ರಿಕೆಯಲ್ಲಿ ಕುಡಿತದ ವಿಷಯ ಬೇಕಿತ್ತಾ?
— ಹಿರಿಯ ಓದುಗರು, ಶಹಾಪುರ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕುಡಿತದಿಂದ ಮಣ್ಣುಪಾಲಾದ ಮನೆ ನನ್ನ ಓಣಿಯಲ್ಲೂ ಎರಡಿವೆ, ಅವರ ಮಕ್ಕಳ ಫೀಸು ಯಾರು ಕಟ್ಟುತ್ತಾರೆ ಅನ್ನುವುದೂ ಗೊತ್ತು. ಕುಡಿಯದವರು ಕುಡಿಯಲು ಶುರು ಮಾಡಿ ಅಂತ ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ. ಕೇಳಿದವರಿಗೆ ಉತ್ತರ ಕೊಟ್ಟೆ. ಮಾಲ್ದಿ ಎಂಬ ನಮ್ಮ ಸಿಹಿಯ ಬಗ್ಗೆ ಪತ್ರ ಬಂದಿವೆ, ಮುಂದಿನ ತಿಂಗಳು ಅದಕ್ಕೆ ಉತ್ತರ, ಅದನ್ನು ನೀವು ಮನೆಮಂದಿಗೆಲ್ಲ ಓದಿ ಹೇಳಬಹುದು.

ಖಾಲಿ ಬಾಟಲಿಗಳನ್ನು ಏನು ಮಾಡಿದಿರಿ? ನನ್ನ ಮಗಳು ಮನಿಪ್ಲಾಂಟ್ ಹಾಕಲಿಕ್ಕೆ ಕೇಳುತ್ತಿದ್ದಾಳೆ.
— ಸ್ಟೇಷನ್ ಬಜಾರ್ ಓದುಗರು, ಕಲಬುರಗಿ

ತಡವಾಯಿತಲ್ಲ. 1996ರದ್ದನ್ನು ಮನೆಯವನು ಯಾರಿಗೂ ಕೊಡುವುದಿಲ್ಲ, ಗಸಿ ಸಮೇತ ಕಪಾಟಿನಲ್ಲಿ ಇಟ್ಟಿದ್ದಾನೆ. ಆರು ಬಾಟಲಿ ರದ್ದಿಯವನಿಗೆ ಹೋದವು. 2013ರದ್ದನ್ನು ನಾನು ಮನೆಗೆ ತಂದೆ. ಗಾಜು ದಪ್ಪ ಇದೆ, ಬಣ್ಣ ಕಡು ಹಸಿರು, ಬೆಳಕು ಒಳಗೆ ಬರುವುದಿಲ್ಲ ಅಂತ ನಮ್ಮ ಅವ್ವ ಬಿಸಿನೀರು ಹಾಕಿ ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಗಾಣದಿಂದ ತಂದ ಕುಸುಬಿ ಎಣ್ಣೆ ತುಂಬಿಸಿ ಇಟ್ಟಿದ್ದಾಳೆ. ಲೇಬಲ್ ಮಾತ್ರ ಕಿತ್ತಿಲ್ಲ, ಮನೆ ಚಿತ್ರ ಚಂದ ಇದೆಯಂತೆ.